ಶನಿವಾರದ ಕ್ಲೀನಿಂಗ್

ನಮ್ಮ ಮಂಡಿಯ ಕಂಪ್ಯೂಟರಿನಲ್ಲಿ ಪ್ರತಿ ಶನಿವಾರ ರಾತ್ರಿ 8ಕ್ಕೆ ಒಂದು ಕ್ಲೀನರ್ ತಾನಾಗಿಯೇ ಓಡುತ್ತಿತ್ತು. ಅದನ್ನು ಹಾಕಿ, ಟೈಮ್ ಸೆಟ್ ಮಾಡಿದವಳು ನಾನೇ. ಅದಕ್ಕೇ ಈ ವಿಷಯವನ್ನು ನಾನೇ ಬರೆಯಬೇಕು ಅನ್ನಿಸಿತು.

ನಾನು ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯೊಂದರ ಲೆಕ್ಕ ಬರೆಯುತ್ತೇನೆ. ಓದಿದ್ದು ಬಿ.ಕಾಂ. ಕಂಪ್ಯೂಟರ್ ಕೆಲಸ ಯಾರೂ ಕಲಿಸಲಿಲ್ಲ. ಸೀಸನ್ನಿನಲ್ಲಿ ಕಂಪ್ಯೂಟರ್ ನಿಂತರೆ ರೈತರ ಮಾಲಿನ ಲೆಕ್ಕದ ಪಟ್ಟಿ ನಿಲ್ಲುತ್ತೆ. ಪಟ್ಟಿ ನಿಂತರೆ ರೈತರು ಬಾಗಿಲಲ್ಲೇ ನಿಲ್ಲುತ್ತಾರೆ. ರಿಪೇರಿಯವರು ಬರೋ ತನಕ ಕಾಯೋಕೆ ಆಗದೆ ನಾನೇ ಒಂದೊಂದಾಗಿ ಕಲಿತೆ. ಈಗ ನಮ್ಮ ಮಂಡಿ ಅಲ್ಲದೆ ಅಕ್ಕಪಕ್ಕದ ಮಂಡಿ, ಗೊಬ್ಬರದ ಅಂಗಡಿ ಎಲ್ಲಾ ಸೇರಿ 11 ಕಂಪ್ಯೂಟರ್ ನೋಡಿಕೊಳ್ಳುತ್ತೇನೆ.

ವಿಷಯ ಇಷ್ಟೇ. ಕಂಪ್ಯೂಟರಿನ ಕಸ ಗುಡಿಸೋ ಕ್ಲೀನರ್‌ಗಳು ಆಂಟಿವೈರಸ್ ತಾನು ಏನು ಕಂಡೆ, ಏನು ಮಾಡಿದೆ ಅಂತ ಬರೆದಿಟ್ಟ ಲಾಗ್ ಫೈಲುಗಳನ್ನೂ ಕಸದ ಜೊತೆ ಸೇರಿಸಿ ಅಳಿಸಿಬಿಡುತ್ತವೆ. ಅಳಿಸಬಾರದು. ಮಾಲೀಕ ತಾನಾಗಿ ಟಿಕ್ ಹಾಕಿ ಅಳಿಸು ಅಂದರೆ ಮಾತ್ರ ಅಳಿಸಬೇಕು. ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ ಅಂದರೆ, ನಾವು ಹಾಕದೆ ಮೊದಲೇ ಇದ್ದ ಒಂದು ಟಿಕ್‌ನಿಂದ ನಮ್ಮಲ್ಲಿ ಒಬ್ಬ ಹುಡುಗ ತಿಂಗಳುಗಟ್ಟಲೆ ತಲೆ ತಗ್ಗಿಸಿಕೊಂಡು ಓಡಾಡಿದ.

2024ರ ಜುಲೈ. ಮಾಲು ಜೋರಾಗಿ ಬರುತ್ತಿದ್ದ ಸಮಯ. ಶ್ರೀನಿವಾಸಪುರದ ಕಡೆಯ ಒಬ್ಬ ರೈತರು 233 ಬಾಕ್ಸ್ ತಂದಿದ್ದರು. ನಮ್ಮಲ್ಲಿ ಬಾಕ್ಸ್ ಅಂದರೆ 15 ಕೆಜಿ. ಹರಾಜಿನಲ್ಲಿ ಬಾಕ್ಸಿಗೆ 800 ಬಿತ್ತು. ಲೆಕ್ಕ 1,86,400. ಗುರುವಾರ ರಾತ್ರಿ 9 ಗಂಟೆಗೆ ಪಟ್ಟಿ ಬರೆಯೋ ಹುಡುಗ 14 ಜನ ರೈತರ ಖಾತೆ ನಂಬರ್, ಐಎಫ್‌ಎಸ್‌ಸಿ, ಮೊತ್ತ ಎಲ್ಲಾ ಒಂದು ಎಕ್ಸೆಲ್ ಶೀಟಿನಲ್ಲಿ ಹಾಕಿ ಸೇವ್ ಮಾಡಿ ಮನೆಗೆ ಹೋದ. ಕಂಪ್ಯೂಟರ್ ಆಫ್ ಮಾಡುತ್ತಿರಲಿಲ್ಲ, ಸಿಸಿ ಕ್ಯಾಮೆರಾ ಅದರಲ್ಲೇ ಓಡುತ್ತಿತ್ತು. ಶುಕ್ರವಾರ ಬೆಳಗ್ಗೆ ಸಾಹುಕಾರ್ರು ಆ ಶೀಟನ್ನು ಬ್ಯಾಂಕಿನ ಸೈಟಿಗೆ ಹಾಕಿ, ಓಟಿಪಿ ಕೊಟ್ಟು, ದುಡ್ಡು ಕಳಿಸಿದರು. ಒಟ್ಟು ಮೊತ್ತ ಸರಿ ಇತ್ತು. 14 ಖಾತೆ ನಂಬರನ್ನು ಒಂದೊಂದಾಗಿ ಯಾರು ಕೂತು ನೋಡುತ್ತಾರೆ?

ಅದೇ ಸಂಜೆ 5:52ಕ್ಕೆ ಹುಡುಗ ನನಗೆ ವಾಟ್ಸ್ಆ್ಯಪಿನಲ್ಲಿ ಒಂದು ಫೋಟೋ ಕಳಿಸಿದ. ಪರದೆಯ ಮೂಲೆಯಲ್ಲಿ ಆಂಟಿವೈರಸ್ಸಿನ ಕೆಂಪು ಚೌಕ. "ಅಕ್ಕ, ಇದೇನೋ ಬಂದಿದೆ, ಏನು ಮಾಡಲಿ?" ನಾನು ಮಗಳನ್ನು ಟ್ಯೂಷನ್ನಿಂದ ಕರೆದುಕೊಂಡು ಬರುತ್ತಿದ್ದೆ, ಡೂಂಲೈಟ್ ಸರ್ಕಲ್ ಹತ್ತಿರ ಗಾಡಿ ನಿಲ್ಲಿಸಿ ನೋಡಿದೆ. "ರಿಮೂವ್ ಒತ್ತಪ್ಪ" ಅಂತ ಬರೆದೆ. ಅವನು ಒತ್ತಿದ. ಅಲ್ಲಿಗೆ ಮುಗಿಯಿತು ಅಂದುಕೊಂಡೆವು.

ಶನಿವಾರ ರಾತ್ರಿ 8ಕ್ಕೆ ಕ್ಲೀನರ್ ಓಡಿತು.

ಸೋಮವಾರ ಶ್ರೀನಿವಾಸಪುರದವರು ಬಂದರು. "ಅಮ್ಮಣ್ಣೀ, ದುಡ್ಡು ಬಿದ್ದಿಲ್ಲ ನೋಡಮ್ಮ" ಅಂದರು. ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆದು ನಮ್ಮ ರೈತರ ಪುಸ್ತಕದ ಜೊತೆ ತಾಳೆ ನೋಡಿದೆ. ಹೆಸರು ಅವರದ್ದೇ. ಖಾತೆ ನಂಬರ್ ಬೇರೆ, ಬ್ರಾಂಚ್ ಬೇರೆ ರಾಜ್ಯದ್ದು. ಎಕ್ಸೆಲ್ ಶೀಟಿನಲ್ಲೂ ಆ ತಪ್ಪು ನಂಬರೇ ಇತ್ತು. ನನ್ನ ಕೈ ತಣ್ಣಗಾಯಿತು.

ಸಾಹುಕಾರ್ರು ಕೇಳಿದ ಮೊದಲ ಪ್ರಶ್ನೆ, "ಶೀಟು ಬರೆದಿದ್ದು ಯಾರು?"

ಹುಡುಗ ಅಲ್ಲೇ ನಿಂತಿದ್ದ. ತಾನು ಸರಿಯಾದ ನಂಬರೇ ಹಾಕಿದ್ದೆ ಅಂದ. ನನಗೆ ಆಗ ಶುಕ್ರವಾರದ ಫೋಟೋ ನೆನಪಾಯಿತು. ಅದರಲ್ಲಿ ಬ್ಯಾಕ್‌ಡೋರ್ ಅನ್ನೋ ಪದ ಇತ್ತು. ಅಂದರೆ ಹೊರಗಿನವರು ನಮ್ಮ ಕಂಪ್ಯೂಟರಿನ ಒಳಗೆ ಬಂದು ಕೈಯಾಡಿಸೋಕೆ ದಾರಿ ಮಾಡಿಕೊಡೋ ತರಹದ್ದು. "ಅಣ್ಣ, ಒಂದು ನಿಮಿಷ ಇರಿ. ಆಂಟಿವೈರಸ್ ಎಲ್ಲಾ ಬರೆದಿಟ್ಟಿರುತ್ತೆ. ಯಾವಾಗ ಬಂತು, ಎಲ್ಲಿ ಕೂತಿತ್ತು, ಮುಂಚೆ ಎಷ್ಟು ಸಲ ಕಂಡಿತ್ತು, ಎಲ್ಲಾ ಇರುತ್ತೆ" ಅಂದೆ. ಎಲ್ಲರ ಮುಂದೆ ಆಂಟಿವೈರಸ್ ತೆರೆದು ರಿಪೋರ್ಟ್ಸ್ ಒತ್ತಿದೆ.

ಖಾಲಿ. ಒಂದು ಸಾಲೂ ಇಲ್ಲ. ಲಾಗ್ ಇರೋ ಫೋಲ್ಡರಿಗೆ ನೇರವಾಗಿ ಹೋಗಿ ನೋಡಿದೆ. ಅದರಲ್ಲಿ ಇದ್ದದ್ದು ಶನಿವಾರ ರಾತ್ರಿ 8ರ ನಂತರ ಹುಟ್ಟಿದ ಒಂದೇ ಒಂದು ಫೈಲು.

ಕ್ಲೀನರಿನ ಸೆಟ್ಟಿಂಗ್ ತೆಗೆದು ನೋಡಿದರೆ, ಬ್ರೌಸರುಗಳ ಕ್ಯಾಶ್, ರೀಸೈಕಲ್ ಬಿನ್, ಟೆಂಪರರಿ ಫೈಲ್ ಇವುಗಳ ಕೆಳಗೆ, ಉದ್ದದ ಪಟ್ಟಿಯ ಕೊನೆಯಲ್ಲಿ ನಮ್ಮ ಆಂಟಿವೈರಸ್ಸಿನ ಹೆಸರೂ ಇತ್ತು. ಪಕ್ಕದಲ್ಲಿ ಟಿಕ್. ನಾನು ಹಾಕಿದ ಟಿಕ್ ಅಲ್ಲ, ಬರುವಾಗಲೇ ಇದ್ದದ್ದು. ಆದರೆ ಹಾಕುವಾಗ ಪಟ್ಟಿಯನ್ನು ಕೊನೆಯವರೆಗೆ ನಾನು ಓದಿರಲಿಲ್ಲ. ಇವತ್ತಿಗೂ ಆ ಪಟ್ಟಿ ನನ್ನ ಕಣ್ಣ ಮುಂದೆ ಬರುತ್ತೆ.

ಉಳಿದಿದ್ದು ಆ ಫೋಟೋ ಮಾತ್ರ. ಟ್ಯೂಬ್‌ಲೈಟಿನ ಬೆಳಕು ಬಿದ್ದು ಅರ್ಧ ಬಿಳಿಯಾಗಿತ್ತು. ಫೈಲು ಇದ್ದ ಜಾಗ ಚೌಕದಲ್ಲಿ ಹಿಡಿಸದೆ ನಡುವೆ ಮೂರು ಚುಕ್ಕೆ ಬಿದ್ದಿತ್ತು. ವೈರಸ್ ಇತ್ತು ಅನ್ನೋದು ಗೊತ್ತಾಯಿತು. ಗುರುವಾರ ರಾತ್ರಿ ಇತ್ತಾ ಇಲ್ಲವಾ ಅನ್ನೋದು ಗೊತ್ತಾಗಲಿಲ್ಲ. ಬೇಕಾಗಿದ್ದದ್ದು ಅದೇ ಅಲ್ವಾ? ಶುಕ್ರವಾರ ದುಡ್ಡು ಹೋದ ಮೇಲೆ ಬಂದ ವೈರಸ್ಸು ಗುರುವಾರದ ಶೀಟನ್ನು ತಿದ್ದೋಕೆ ಆಗಲ್ಲ. ಸಾಹುಕಾರ್ರು ಅದನ್ನೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

1930ಕ್ಕೆ ಫೋನ್ ಮಾಡಿದೆವು. ಸೈಬರ್ ವಂಚನೆಗೆ ಇರೋ ಸಹಾಯವಾಣಿ ಅದು, ನಂಬರ್ ನೆನಪಿಟ್ಟುಕೊಳ್ಳಿ. ಎಷ್ಟು ಬೇಗ ಫೋನ್ ಮಾಡಿದರೆ ಅಷ್ಟು ದುಡ್ಡು ನಿಲ್ಲಿಸೋಕೆ ಆಗುತ್ತೆ. ನಾವು ಮಾಡಿದ್ದು ಮೂರು ದಿನ ಆದ ಮೇಲೆ. ಆ ಖಾತೆಯಲ್ಲಿ 62,000 ಮಾತ್ರ ಉಳಿದಿತ್ತು, ಅದನ್ನು ತಡೆಹಿಡಿದರು. ರೈತರಿಗೆ ಪೂರ್ತಿ ದುಡ್ಡು ಸಾಹುಕಾರ್ರು ಅವತ್ತೇ ಕೈಯಿಂದ ಕೊಟ್ಟರು, ಆ ವಿಷಯದಲ್ಲಿ ಅವರು ದೊಡ್ಡವರು. ದೂರು ಬರೆದುಕೊಂಡ ಪೊಲೀಸರು ತುಂಬಾ ಸಮಾಧಾನವಾಗಿ ಮಾತಾಡಿದರು. ಅವರೂ ಕೇಳಿದ್ದು ಅದನ್ನೇ. "ಲಾಗ್ ಇದೆಯಾ ಮೇಡಂ?" ಅದೇ ತಿಂಗಳ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿತ್ತು. ಅದರ 63ನೇ ಕಲಮಿನಲ್ಲಿ ಕಂಪ್ಯೂಟರ್ ದಾಖಲೆಯನ್ನು ಕೋರ್ಟಿಗೆ ಹೇಗೆ ಕೊಡಬೇಕು ಅಂತಿದೆ. ಫೈಲಿನ ಹ್ಯಾಶ್ ಅಂದರೆ ಅದರ ಬೆರಳಚ್ಚಿನಂಥ ಸಂಖ್ಯೆ ಬರೆದು, ಪ್ರಮಾಣಪತ್ರ ಜೊತೆಗೆ ಕೊಡಬೇಕು. ಹ್ಯಾಶ್ ತೆಗೆಯೋಕೆ ಮೊದಲು ಫೈಲು ಇರಬೇಕಲ್ಲ.

ಹುಡುಗನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಪೇಮೆಂಟ್ ಶೀಟು ಅವನ ಕೈಗೆ ಕೊಡೋದು ನಿಂತಿತು. ಯಾರೂ ಏನೂ ಹೇಳಲಿಲ್ಲ. ಟೀ ಬಂದರೆ ಅವನು ಲೋಟ ಹಿಡಿದು ಹೊರಗೆ ಬಾಕ್ಸುಗಳ ಹತ್ತಿರ ಹೋಗಿ ಕುಡಿಯೋಕೆ ಶುರು ಮಾಡಿದ. ನನ್ನ ಹತ್ತಿರ ಒಂದೇ ಸಲ ಬಂದು, "ಅಕ್ಕ, ನಾನು ಮಾಡಿಲ್ಲ" ಅಂದ. ನನಗೆ ಗೊತ್ತು ಅಂದೆ. ಗೊತ್ತು ಅನ್ನೋದು ಬೇರೆ, ತೋರಿಸೋದು ಬೇರೆ. ದಸರಾ ಹೊತ್ತಿಗೆ ಅವನು ಬೆಂಗಳೂರಿಗೆ ಹೋದ.

ಅಲ್ಲಿಯವರೆಗೆ ನಾನು ಲಾಗ್ ಅಂದರೆ ಕಳ್ಳನನ್ನು ಹಿಡಿಯೋಕೆ ಅಂದುಕೊಂಡಿದ್ದೆ. ತಪ್ಪು ಮಾಡದವರನ್ನು ಕಾಯೋಕೂ ಅದು ಬೇಕು.

ಆಮೇಲೆ ನಾನು ಸುಮ್ನೆ ಇರಲಿಲ್ಲ. ಕ್ಲೀನರ್‌ಗಳು ಲಾಗ್ ಅಳಿಸೋದರಿಂದ ನಿಜವಾಗಿ ಎಷ್ಟು ಜಾಗ ಉಳಿಯುತ್ತೆ ಅಂತ ನಾನು ನೋಡಿಕೊಳ್ಳೋ ಕಂಪ್ಯೂಟರುಗಳಲ್ಲಿ ಒಂದೊಂದಾಗಿ ಅಳೆದೆ. ನಮ್ಮ ಮಂಡಿಯದು 256 ಜಿಬಿ ಎಸ್‌ಎಸ್‌ಡಿ. ಆಂಟಿವೈರಸ್ಸಿನ ಎಲ್ಲಾ ರಿಪೋರ್ಟ್ ಸೇರಿ 38 ಎಂಬಿ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ವಾಟ್ಸ್ಆ್ಯಪಿಂದ ಇಳಿಸಿದ ವೀಡಿಯೋಗಳೇ 11 ಜಿಬಿ ಇದ್ದವು. ಗೊಬ್ಬರದ ಅಂಗಡಿಯಲ್ಲಿ ವಿಂಡೋಸ್ ಹೊಸದು ಹಾಕಿದ ಮೇಲೆ ಉಳಿದ ಹಳೇ ವಿಂಡೋಸಿನ ಫೋಲ್ಡರು 19 ಜಿಬಿ. ಜಾಗ ಬೇಕಾದರೆ ಅಲ್ಲಿದೆ. 38 ಎಂಬಿ ಅಂದರೆ ಮದುವೆ ಮನೆಯಿಂದ ಬರೋ ಒಂದು ವೀಡಿಯೋ. ಅಷ್ಟಕ್ಕೆ ವರ್ಷದ ಕಾವಲು ಪುಸ್ತಕ ಸುಡಬೇಕಾ?

ವಿಂಡೋಸ್ ಜೊತೆ ಬರೋ ಡಿಫೆಂಡರ್ ಹೇಗೆ ಬರೆದಿಡುತ್ತೆ ಅಂತಲೂ ತಿಳಿದುಕೊಂಡೆ. ಅದು ಎರಡು ಕಡೆ ಬರೆಯುತ್ತೆ. ಒಂದು, ಪ್ರೋಗ್ರಾಂಡೇಟಾ ಒಳಗಿನ ಅದರದೇ ಫೋಲ್ಡರಿನಲ್ಲಿ, ಎಂಪಿಲಾಗ್ ಅಂತ ಶುರುವಾಗೋ ಹೆಸರಿನ ಫೈಲುಗಳು. ಇನ್ನೊಂದು, ಈವೆಂಟ್ ವ್ಯೂವರ್, ಅಂದರೆ ವಿಂಡೋಸ್ ತನ್ನ ಲಾಗುಗಳನ್ನು ತೋರಿಸೋ ಜಾಗ. ಅಲ್ಲಿ ಎಲ್ಲಕ್ಕೂ ನಂಬರ್ ಇದೆ. ವೈರಸ್ ಸಿಕ್ಕಿದರೆ 1116. ಅದರ ಮೇಲೆ ಕ್ರಮ ತೆಗೆದುಕೊಂಡರೆ 1117. ಯಾರಾದರೂ ಡಿಫೆಂಡರಿನ ಕಾವಲನ್ನೇ ಆಫ್ ಮಾಡಿದರೆ 5001. ಈ ಮೂರು ನಂಬರ್ ನಾನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದೇನೆ. ನಮ್ಮಲ್ಲಿ ಬೇರೆ ಕಂಪನಿಯ ಆಂಟಿವೈರಸ್ ಇದ್ದದ್ದರಿಂದ, ಅದು ತನ್ನ ಫೋಲ್ಡರಿನಲ್ಲಿ ಮಾತ್ರ ಬರೆಯುತ್ತಿದ್ದದ್ದರಿಂದ, ಈವೆಂಟ್ ವ್ಯೂವರಿನಲ್ಲಿ ನಮಗೆ ಏನೂ ಸಿಗಲಿಲ್ಲ.

ವಿಂಡೋಸಿನಲ್ಲಿ ನನಗೆ ಹಿಡಿಸಿದ ಒಂದು ವಿಷಯ ಇದೆ. ಅದರ ಸೆಕ್ಯುರಿಟಿ ಲಾಗನ್ನು ಯಾರಾದರೂ ಪೂರ್ತಿ ಅಳಿಸಿದರೆ, ಖಾಲಿಯಾದ ಲಾಗಿನಲ್ಲಿ 1102 ಅಂತ ಒಂದು ಸಾಲು ಬೀಳುತ್ತೆ. ಯಾವ ಬಳಕೆದಾರ ಅಳಿಸಿದ, ಯಾವಾಗ ಅಳಿಸಿದ ಅಂತ. ಅಳಿಸಿದ್ದಕ್ಕೂ ಗುರುತು ಉಳಿಯುತ್ತೆ. ನಮ್ಮ ಕ್ಲೀನರ್ ಅಷ್ಟನ್ನೂ ಬಿಡಲಿಲ್ಲ. ಎಷ್ಟು ಎಂಬಿ ಉಳಿಯಿತು ಅಂತ ಹಸಿರು ಅಕ್ಷರದಲ್ಲಿ ತೋರಿಸಿ, ಕಿಟಕಿ ಮುಚ್ಚಿಕೊಂಡಿತು.

ಲೆಕ್ಕ ಬರೆಯೋರಿಗೆ ಇದು ಬೇಗ ಅರ್ಥ ಆಗುತ್ತೆ. ನಾವು ತಪ್ಪು ಎಂಟ್ರಿಯನ್ನು ಕೆರೆದು ತೆಗೆಯಲ್ಲ. ಗೀಟು ಹಾಕಿ, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಹಾಕುತ್ತೇವೆ. ಕಂಪ್ಯೂಟರ್ ಲೆಕ್ಕಕ್ಕೂ ಅದೇ ನಿಯಮ ಬಂದಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಲೆಕ್ಕ ಇಡೋ ಸಾಫ್ಟ್‌ವೇರಿನಲ್ಲಿ ಎಡಿಟ್ ಲಾಗ್ ಇರಲೇಬೇಕು, ಅದನ್ನು ಆಫ್ ಮಾಡೋಕೆ ಬರಬಾರದು. ಯಾವ ವೋಚರ್ ಯಾರು ಯಾವಾಗ ತಿದ್ದಿದರು ಅನ್ನೋದು ಅಲ್ಲಿ ಉಳಿಯುತ್ತೆ. ನಮ್ಮಂಥ ಮಂಡಿಗಳಿಗೆ ಆ ನಿಯಮ ಇಲ್ಲ, ಅದು ಕಂಪನಿಗಳಿಗೆ. ಆದರೂ ನಮ್ಮ ಆಡಿಟರ್ ಹೇಳಿ ಹಾಕಿಸಿದರು. ನಾವು ಲೆಕ್ಕ ಬರೆಯೋ ಟ್ಯಾಲಿಯಲ್ಲಿ 50 ರೂಪಾಯಿ ಹಮಾಲಿ ತಿದ್ದಿದರೂ ದಾಖಲೆ ಇರುತ್ತೆ. ಅದೇ ಕಂಪ್ಯೂಟರಿಗೆ ಕಳ್ಳ ನುಗ್ಗಿದ ದಾಖಲೆಯನ್ನು ವಾರಕ್ಕೊಮ್ಮೆ ಗುಡಿಸಿ ಹಾಕುತ್ತಿದ್ದೆವು.

ಇನ್ನೊಂದು ಮಾತು. ಲಾಗ್ ಅಳಿಸೋದು ಯಾರ ಕೆಲಸ ಅಂತ ಒಮ್ಮೆ ನೋಡಿ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಅನ್ನೋ ವೈರಸ್ ಉಕ್ರೇನಿನಿಂದ ಶುರುವಾಗಿ ದೇಶ ದೇಶಗಳ ಕಂಪನಿಗಳನ್ನು ಮಲಗಿಸಿತು. ಅದು ಕಂಪ್ಯೂಟರ್ ಹಾಳು ಮಾಡೋ ಜೊತೆಗೆ ವಿಂಡೋಸಿನ ಸೆಟಪ್, ಸಿಸ್ಟಂ, ಸೆಕ್ಯುರಿಟಿ, ಅಪ್ಲಿಕೇಷನ್ ಈ ನಾಲ್ಕೂ ಲಾಗ್ ಖಾಲಿ ಮಾಡುತ್ತಿತ್ತು. ಕಳ್ಳರು ಹೋಗುವಾಗ ಮಾಡೋ ಕೆಲಸವನ್ನು ನಾವು ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ನಮಗಾಗಿ ಮಾಡುತ್ತೆ ಅಂದರೆ ಹೇಗೆ ಒಪ್ಪೋದು?

ಅದೇ ವರ್ಷ ಇನ್ನೊಂದು ನಡೆಯಿತು. ಸಿಕ್ಲೀನರ್ ಅನ್ನೋ ಕ್ಲೀನರಿನ ಹೆಸರು ಕೇಳದವರು ಕಡಿಮೆ. ನಾನು ಮಂಡಿಯಲ್ಲಿ ಹಾಕಿದ್ದು ಅದಲ್ಲ, ಬೇರೆಯದು, ಹೆಸರು ಬೇಡ. ಸಿಕ್ಲೀನರಿನ 5.33 ಆವೃತ್ತಿ 2017ರ ಆಗಸ್ಟ್ 15ಕ್ಕೆ ಬಂತು. ಅದನ್ನು ತಯಾರಿಸೋ ಜಾಗಕ್ಕೇ ಯಾರೋ ನುಗ್ಗಿ, ಅದರೊಳಗೆ ಕೆಟ್ಟ ಕೋಡ್ ಸೇರಿಸಿದ್ದರು. ಕಂಪನಿಯ ಡಿಜಿಟಲ್ ಸಹಿ ಸಮೇತ ಅಧಿಕೃತ ಸೈಟಿನಿಂದಲೇ ಜನ ಇಳಿಸಿಕೊಂಡರು. ಸೆಪ್ಟೆಂಬರ್ 18ಕ್ಕೆ ವಿಷಯ ಹೊರಗೆ ಬಂದಾಗ ಸುಮಾರು 22.7 ಲಕ್ಷ ಕಂಪ್ಯೂಟರುಗಳಿಗೆ ಅದು ಹೋಗಿತ್ತು. ನನಗೆ ಮುಖ್ಯ ಅನ್ನಿಸಿದ್ದು ಆಮೇಲಿನ ತನಿಖೆ. ದಾಳಿಕೋರರ ಸರ್ವರ್ ಸಿಕ್ಕಿತು. ಆದರೆ ಅದರ ಡಿಸ್ಕ್ ತುಂಬಿ ಡೇಟಾಬೇಸ್ ಕೆಟ್ಟು, ಅವರೇ ಅದನ್ನು ಹೊಸದಾಗಿ ಶುರು ಮಾಡಿದ್ದರು. ಸಿಕ್ಕಿದ್ದು ಕೊನೆಯ ಕೆಲವೇ ದಿನಗಳ ದಾಖಲೆ. ಅದರ ಪ್ರಕಾರ ಎರಡನೇ ಹಂತದ ದಾಳಿ, ಅಂದರೆ ಆರಿಸಿದ ಕೆಲವು ಕಂಪ್ಯೂಟರಿಗೆ ಇನ್ನೊಂದು ಕೆಟ್ಟ ಕೋಡ್ ಕಳಿಸೋದು, ಆಗಿದ್ದು 20 ಕಂಪ್ಯೂಟರಿಗೆ. ಹಳೆಯ ದಾಖಲೆಯ ಬ್ಯಾಕಪ್ ಇನ್ನೊಂದು ಸರ್ವರಿನಲ್ಲಿ ಸಿಕ್ಕಿದ ಮೇಲೆ ಲೆಕ್ಕ 40 ಆಯಿತು. ಬ್ಯಾಕಪ್ ಸಿಗದೇ ಇದ್ದಿದ್ದರೆ ಅರ್ಧ ಜನಕ್ಕೆ ತಮ್ಮ ಮನೆಗೆ ಕಳ್ಳ ಬಂದಿದ್ದು ಗೊತ್ತೇ ಆಗುತ್ತಿರಲಿಲ್ಲ. ಅದನ್ನು ಓದಿದ ರಾತ್ರಿ ನನಗೆ ನಮ್ಮ ಖಾಲಿ ಫೋಲ್ಡರೇ ನೆನಪಾಗುತ್ತಿತ್ತು.

ನನ್ನ ಮಾತಿಗೆ ಎದುರು ಮಾತೂ ಇದೆ, ಅದನ್ನು ಬಚ್ಚಿಡಬಾರದು. ಲಾಗಿನಲ್ಲಿ ನಮ್ಮ ಫೈಲುಗಳ ಹೆಸರು, ತಡೆದ ಸೈಟುಗಳ ಹೆಸರು ಇರುತ್ತವೆ. ಲ್ಯಾಪ್‌ಟಾಪ್ ಮಾರುವಾಗ, ಬೇರೆಯವರಿಗೆ ಕೊಡುವಾಗ ಅದೂ ಹೋಗಬೇಕು. ಮನೆಯ ಕಂಪ್ಯೂಟರಿನಲ್ಲಿ ತನ್ನ ಗುಟ್ಟು ತನಗಿರಲಿ ಅಂತ ಒಬ್ಬರು ಅಳಿಸಿದರೆ ಅದು ಅವರ ಹಕ್ಕು. ಕೆಲವೊಮ್ಮೆ ಲಾಗೇ ಹುಚ್ಚು ಹಿಡಿದ ಹಾಗೆ ಬೆಳೆಯೋದೂ ನಿಜ. ಪಕ್ಕದ ಮಂಡಿಯಲ್ಲಿ ಸಿ ಡ್ರೈವ್ ದಿನಾ ತುಂಬುತ್ತಿತ್ತು. ನೋಡಿದರೆ ವಿಂಡೋಸಿನ ಸಿಬಿಎಸ್ ಅನ್ನೋ ಲಾಗು 2 ಜಿಬಿ ದಾಟಿತ್ತು. ಅಷ್ಟು ದೊಡ್ಡದಾದರೆ ವಿಂಡೋಸಿಗೆ ಅದನ್ನು ಒತ್ತಿ ಚಿಕ್ಕದು ಮಾಡೋಕೆ ಆಗಲ್ಲ, ಮತ್ತೆ ಮತ್ತೆ ಪ್ರಯತ್ನಪಟ್ಟು ಟೆಂಪ್ ಫೋಲ್ಡರನ್ನು ಅರೆಬರೆ ಫೈಲುಗಳಿಂದ ತುಂಬಿಸುತ್ತೆ. ಅದನ್ನು ನಾನೇ ಕೈಯಾರೆ ಅಳಿಸಿದೆ. ಆದರೆ ಅದು ಅಪ್‌ಡೇಟುಗಳ ಲಾಗು, ಕಾವಲಿನದ್ದಲ್ಲ. ಅಳಿಸೋ ಮುಂಚೆ ತೆರೆದು ನೋಡಿದ್ದೆ. ನೋಡಿ ಅಳಿಸೋದಕ್ಕೂ ಶನಿವಾರ ರಾತ್ರಿ ಯಾರೂ ಇಲ್ಲದಾಗ ತಾನಾಗಿ ಅಳಿಸಿಕೊಂಡು ಹೋಗೋದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಹಳೇ ಲಾಗ್ ಎಷ್ಟು ದಿನ ಇಡಬೇಕು ಅನ್ನೋದು ಆಂಟಿವೈರಸ್ಸೇ ತೀರ್ಮಾನ ಮಾಡಲಿ. ಹೆಚ್ಚಿನವುಗಳಲ್ಲಿ ಅದಕ್ಕೆ ಸೆಟ್ಟಿಂಗ್ ಇರುತ್ತೆ. ಯಾವುದು ಬೇಕು ಯಾವುದು ಬೇಡ ಅಂತ ಬರೆದವರಿಗೇ ಗೊತ್ತು. ಕ್ಲೀನರ್ ಮಾಡುವವರಿಗೆ ನಾನು ಕೇಳಿಕೊಳ್ಳೋದು ಒಂದೇ. ಆ ಟಿಕ್ ತೆಗೆದು ಕೊಡಿ. ಯಾರಾದರೂ ಹಾಕಿದರೆ, ಇದನ್ನು ಅಳಿಸಿದರೆ ನಿಮ್ಮ ಕಂಪ್ಯೂಟರಿಗೆ ಏನಾಗಿತ್ತು ಅಂತ ಆಮೇಲೆ ಗೊತ್ತಾಗಲ್ಲ ಅಂತ ಒಂದು ಸಾಲು ತೋರಿಸಿ. ಕನ್ನಡದಲ್ಲಿ ತೋರಿಸಿದರೆ ಇನ್ನೂ ಒಳ್ಳೆಯದು. ನಮ್ಮ ಮಂಡಿಗಳಲ್ಲಿ ಕಂಪ್ಯೂಟರ್ ಮುಂದೆ ಕೂರೋ ಹುಡುಗರು ಇಂಗ್ಲಿಷ್ ಪಟ್ಟಿಯನ್ನು ಕೊನೆ ತನಕ ಓದಲ್ಲ. ಓದಬೇಕಾಗಿದ್ದ ನಾನೂ ಓದಲಿಲ್ಲ.

ಈಗ ನಮ್ಮಲ್ಲಿ ಹೀಗೆ ನಡೆಯುತ್ತೆ. 11 ಕಂಪ್ಯೂಟರಿನಿಂದಲೂ ಆ ಕ್ಲೀನರ್ ತೆಗೆದೆ. ಜಾಗ ಬೇಕಾದರೆ ವಿಂಡೋಸಿನದೇ ಡಿಸ್ಕ್ ಕ್ಲೀನಪ್ ಸಾಕು. ಅದರಲ್ಲೂ ಮೈಕ್ರೋಸಾಫ್ಟ್ ಡಿಫೆಂಡರ್ ಆಂಟಿವೈರಸ್ ಅಂತ ಒಂದು ಸಾಲು ಬರುತ್ತೆ, ಮುಖ್ಯವಲ್ಲದ ಫೈಲುಗಳು ಅಂತ ವಿವರ ಇದೆ. ನಾನು ಆ ಟಿಕ್ಕೂ ತೆಗೆದೇ ಮುಂದೆ ಹೋಗುತ್ತೇನೆ. ವಿಂಡೋಸಿನ ಸೆಕ್ಯುರಿಟಿ ಲಾಗ್ ಸಾಮಾನ್ಯವಾಗಿ 20 ಎಂಬಿಗೆ ನಿಲ್ಲುತ್ತೆ, ತುಂಬಿದರೆ ಹಳೆಯದರ ಮೇಲೆ ಬರೆಯುತ್ತೆ. ಅದನ್ನು 200 ಮಾಡಿದ್ದೇನೆ. ಶನಿವಾರ ರಾತ್ರಿ 8 ಗಂಟೆ ಹಾಗೇ ಇದೆ, ಕೆಲಸ ಮಾತ್ರ ಬೇರೆ. ಆಂಟಿವೈರಸ್ಸಿನ ರಿಪೋರ್ಟ್ ಫೋಲ್ಡರು, ಈವೆಂಟ್ ಲಾಗು ಎರಡನ್ನೂ ತಾರೀಕು ಹಾಕಿ ಒಂದು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ವೈರ್ ಬಿಚ್ಚಿ ಬೀರುವಿನಲ್ಲಿಡುತ್ತೇವೆ. ವೈರ್ ಬಿಚ್ಚೋದು ಮರೆಯಬಾರದು, ಸಿಕ್ಕಿಸಿದ್ದರೆ ವೈರಸ್ ಅದಕ್ಕೂ ಹೋಗುತ್ತೆ. 180 ದಿನ ಇಟ್ಟುಕೊಳ್ಳುತ್ತೇನೆ. ಆ ಲೆಕ್ಕ ನಾನು ತೆಗೆದುಕೊಂಡದ್ದು ಸೈಬರ್ ಸುರಕ್ಷತೆ ನೋಡಿಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್‌-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದಿಂದ. ಕಂಪನಿಗಳು, ಡೇಟಾ ಸೆಂಟರ್‌ಗಳು, ಸರ್ಕಾರಿ ಕಚೇರಿಗಳು ತಮ್ಮ ಲಾಗುಗಳನ್ನು 180 ದಿನ ಇಡಬೇಕು, ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು ಅಂತ ಅದರಲ್ಲಿದೆ. ದೊಡ್ಡವರಿಗೆ ಅಷ್ಟು ದಿನ ಬೇಕು ಅಂದರೆ ನಮಗೂ ಬೇಕು.

ಪೇಮೆಂಟ್ ಶೀಟನ್ನು ಈಗ ಇಬ್ಬರು ಕೂತು ನೋಡುತ್ತೇವೆ. ಒಬ್ಬರು ಪುಸ್ತಕದಿಂದ ಖಾತೆ ನಂಬರ್ ಓದುತ್ತಾರೆ, ಇನ್ನೊಬ್ಬರು ಪರದೆ ಮೇಲೆ ನೋಡುತ್ತಾರೆ. ಹತ್ತು ನಿಮಿಷ ಜಾಸ್ತಿ ಆಗುತ್ತೆ.

ಇದನ್ನು ಬರೆಯೋ ಮುಂಚೆ ಬೆಂಗಳೂರಿನಲ್ಲಿರೋ ಆ ಹುಡುಗನಿಗೆ ಫೋನ್ ಮಾಡಿದೆ. ನಿನ್ನ ವಿಷಯ ಬರೆಯಲಾ, ಹೆಸರು ಹಾಕಲ್ಲ ಅಂತ ಕೇಳಿದೆ. "ಬರೀರಿ ಅಕ್ಕ" ಅಂದ. ಒಂದು ಗೋದಾಮಿನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದಾನಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಶುಕ್ರವಾರದ ಫೋಟೋ ಇನ್ನೂ ತನ್ನ ಹತ್ತಿರ ಇದೆ ಅಂದ. ಎರಡು ಸಲ ಫೋನ್ ಬದಲಾಯಿಸಿದನಂತೆ. ಎರಡು ಸಲವೂ ಮೊದಲು ಅದನ್ನೇ ಕಾಪಿ ಮಾಡಿಕೊಂಡನಂತೆ.